ಅಳತೆ ಕೊಟ್ಟು ಹೊಲಿಸಿದ ಬಟ್ಟೆ: ಕೆಟ್ಟರೆ ಹೊಣೆ ಯಾರದು?

(ರಾಷ್ಟ್ರೀಯ ಗ್ರಾಹಕರ ದಿನದ ಅಂಗವಾಗಿ, ಹೊಲಿಗೆ ತರಬೇತಿ ಪಡೆಯುತ್ತಿರುವ ಮಹಿಳೆಯರು ಮತ್ತು ನೆರೆಹೊರೆಯ ಗೃಹಿಣಿಯರು ಸೇರಿದ್ದ ಸಭೆಯಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಬರಹರೂಪ)



ಈ ಸಭೆಯಲ್ಲಿ ಕತ್ತರಿ ಹಿಡಿಯುವವರೂ ಇದ್ದೀರಿ, ಬಟ್ಟೆ ತಂದು ಕೊಡುವವರೂ ಇದ್ದೀರಿ. ಆದ್ದರಿಂದ ಈ ಇಬ್ಬರ ನಡುವೆ ಆಗಾಗ ನಡೆಯುವ ಒಂದು ಜಗಳವನ್ನೇ ಇಂದಿನ ಮಾತಿಗೆ ಆರಿಸಿಕೊಂಡಿದ್ದೇನೆ. ರವಿಕೆಯ ತೋಳು ಏರುವುದಿಲ್ಲ, ಕುತ್ತಿಗೆ ಜಾರುತ್ತದೆ, ಪ್ಯಾಂಟಿನ ಉದ್ದ ಎರಡು ಇಂಚು ಕಡಿಮೆ ಬಂದಿದೆ. ಗಿರಾಕಿ 'ದುಡ್ಡು ವಾಪಸು ಕೊಡಿ' ಎನ್ನುತ್ತಾರೆ. ಅಂಗಡಿಯವರು 'ನಿಮ್ಮ ಅಳತೆಗೇ ಹೊಲಿದದ್ದು, ಇದನ್ನು ಇನ್ನಾರಿಗೆ ಮಾರಲಿ?' ಎನ್ನುತ್ತಾರೆ. ಕೇಳುವವರಿಗೆ ಎರಡು ಮಾತೂ ಸರಿಯೆಂದೇ ತೋರುತ್ತದೆ. ಕೊನೆಗೆ ಗಿರಾಕಿ ಗೊಣಗುತ್ತ ಮನೆಗೆ ಹೋಗುತ್ತಾರೆ. ರವಿಕೆ ಪೆಟ್ಟಿಗೆಯ ತಳ ಸೇರುತ್ತದೆ.

'ಅಳತೆ ಕೊಟ್ಟು ಹೊಲಿಸಿದ್ದಕ್ಕೆ ವಾಪಸಿಲ್ಲ' ಎಂಬುದು ಕಾನೂನೇ ಇರಬೇಕೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಅಂಥ ಕಾನೂನು ಇಲ್ಲ. ಹೊಲಿಸಿಕೊಂಡ ಮೇಲೆ ಮನಸ್ಸು ಬದಲಾಯಿಸುವುದು ಒಂದು, ಕೆಲಸವೇ ಕೆಟ್ಟಿರುವುದು ಇನ್ನೊಂದು. ಮೊದಲನೆಯದಕ್ಕೆ ಹಣ ಕೇಳುವ ಹಕ್ಕು ಇಲ್ಲ; ಎರಡನೆಯದಕ್ಕೆ ಖಂಡಿತ ಇದೆ. ಆದರೆ ಆ ಹಕ್ಕು ನಿಜವಾಗಿ ಕೈಗೆ ಬರುವುದೋ ಇಲ್ಲವೋ ಎಂಬುದು ಬಹಳ ಮಟ್ಟಿಗೆ ಅಂಗಡಿಯವರು ಬರೆದುಕೊಡುವ ಒಂದು ಸಣ್ಣ ಚೀಟಿಯನ್ನು ಅವಲಂಬಿಸಿದೆ. ನನ್ನ ಮಾತಿನ ಸಾರ ಇಷ್ಟೆ.

ಅಳತೆ ಬಂದ ಬಗೆ

ಸೀರೆ, ಧೋತರ, ಶಲ್ಯಗಳಿಗೆ ಅಳತೆಯ ತಕರಾರಿಲ್ಲ. ಅವು ಮಗ್ಗದಿಂದ ಇಳಿದ ಹಾಗೆಯೇ ಮೈಮೇಲೆ ಬರುತ್ತವೆ. ತಾಯಿಯ ಸೀರೆಯನ್ನು ಮಗಳು ಉಡಬಹುದು, ಮೊಮ್ಮಗಳೂ ಉಡಬಹುದು. ಬಣ್ಣ ಹೋಯಿತು, ನೂಲು ಜಾಳಾಯಿತು ಎಂಬ ದೂರು ಬಂದರೂ ಅದು ನೇಕಾರನಿಗೋ ವ್ಯಾಪಾರಿಗೋ ಸಂಬಂಧಿಸಿದ್ದು.

ಹೊಲಿದ ಉಡುಪಿನ ಕಥೆ ಬೇರೆ. ಅದೂ ನಮ್ಮ ನಾಡಿಗೆ ಹೊಸದಲ್ಲ. ಕುಪ್ಪಸ ಎಂಬ ಮಾತು ಸಂಸ್ಕೃತದ 'ಕೂರ್ಪಾಸ'ದಿಂದ ಬಂದದ್ದು. ಹೊಲಿಯುವವನಿಗೆ ಸಿಂಪಿಗ, ಚಿಪ್ಪಿಗ ಎಂಬ ಹಳೆಯ ಹೆಸರುಗಳಿವೆ; ದರ್ಜಿ ಎಂಬುದು ಪಾರಸಿಯಿಂದ ಬಂದು ನಮ್ಮದೇ ಆದ ಮಾತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದಾರೆ. ಅವರು ಮಾಡುತ್ತಿದ್ದ ಕೆಲಸ ಅವರ ಹೆಸರಿನಲ್ಲೇ ಉಳಿದಿದೆ. ಅಮೆರಿಕದಲ್ಲಿ ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದರು. ಆ ಯಂತ್ರ ನಮ್ಮ ಊರುಗಳನ್ನೂ ತಲುಪಿದ ಮೇಲೆ ಕೈಹೊಲಿಗೆಯ ಕಸುಬು ಬೀದಿ ಬೀದಿಯ ಅಂಗಡಿಯಾಯಿತು.

ಹೊಲಿಗೆ ಬಂದಲ್ಲಿ ಅಳತೆ ಬಂತು, ಅಳತೆಯ ಜೊತೆಗೆ ನಂಬಿಕೆಯ ಪ್ರಶ್ನೆಯೂ ಬಂತು. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆ ಬಟ್ಟೆಗೂ ಸಲ್ಲುತ್ತದೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣವನ್ನು ನೋಡಿ. ಅದು ರವಿಕೆಗೆಂದೇ ನೇಯ್ದ ಬಟ್ಟೆ. ಒಂದು ರವಿಕೆಗೆ ಬೇಕಾದಷ್ಟೇ ಬಟ್ಟೆಯಿರುವಾಗ ಕತ್ತರಿ ಒಮ್ಮೆ ತಪ್ಪಿದರೆ ಸರಿಪಡಿಸಲು ಚೂರೂ ಉಳಿಯುವುದಿಲ್ಲ. ರೇಷ್ಮೆ ಸೀರೆಗಳ ಪಾಡು ಇನ್ನೂ ಕಷ್ಟ. ರವಿಕೆಯ ಬಟ್ಟೆ ಸೀರೆಯ ಜೊತೆಗೇ ನೇಯ್ದು ಬಂದಿರುತ್ತದೆ. ಅದು ಕೆಟ್ಟರೆ ಅದೇ ಬಣ್ಣದ, ಅದೇ ಅಂಚಿನ ತುಂಡು ಬೇರೆ ಅಂಗಡಿಯಲ್ಲಿ ಸಿಗುವುದು ಅಪರೂಪ. ಹೊಲಿಗೆ ಕೂಲಿ ಕೆಲವು ನೂರು ರೂಪಾಯಿ ಇರಬಹುದು. ಹೋದದ್ದು ಮಾತ್ರ ಮದುವೆಯ ರವಿಕೆ. ಕೂಲಿ ಹಿಂದಿರುಗಿಸಿದ ಮಾತ್ರಕ್ಕೆ ಲೆಕ್ಕ ಚುಕ್ತವಾಗುವುದಿಲ್ಲ ಎಂದು ಗಿರಾಕಿ ಹೇಳುವುದು ಇದಕ್ಕೇ.

1872ರ ಕಾನೂನಿನಲ್ಲಿ ಒಬ್ಬ ದರ್ಜಿ

ಈ ಜಗಳಕ್ಕೆ ಕಾನೂನು ಏನನ್ನುತ್ತದೆ ಎಂದು ನೋಡೋಣ. ಗ್ರಾಹಕರ ಕಾನೂನು ಬರುವುದಕ್ಕೆ ನೂರು ವರ್ಷಕ್ಕೂ ಹಿಂದೆಯೇ ಬ್ರಿಟಿಷರ ಕಾಲದಲ್ಲಿ ರಚನೆಯಾಗಿ, ಇಂದಿಗೂ ಜಾರಿಯಲ್ಲಿರುವ 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಒಬ್ಬ ದರ್ಜಿ ಇದ್ದಾನೆ. ಅದರ 170ನೆಯ ಕಲಮು ಕುಶಲಕರ್ಮಿಯ ಒಂದು ಹಕ್ಕನ್ನು ಹೇಳುತ್ತದೆ. ವಸ್ತುವಿನ ಮೇಲೆ ಶ್ರಮವನ್ನೋ ಕೌಶಲವನ್ನೋ ಹಾಕಿ ಒಪ್ಪಿಕೊಂಡಂತೆ ಕೆಲಸ ಮುಗಿಸಿದವನು ತನ್ನ ಕೂಲಿ ಸಿಗುವವರೆಗೆ ಆ ವಸ್ತುವನ್ನು ಇಟ್ಟುಕೊಳ್ಳಬಹುದು. ಇದಕ್ಕೆ ಕಾಯ್ದೆ ಎರಡು ಉದಾಹರಣೆ ಕೊಡುತ್ತದೆ. ಒಂದರಲ್ಲಿ ವಜ್ರಕ್ಕೆ ಸಾಣೆ ಹಿಡಿಯುವ ಆಭರಣಕಾರ. ಇನ್ನೊಂದರಲ್ಲಿ ಕೋಟು ಹೊಲಿಯುವ ದರ್ಜಿ. ಕೋಟು ಮುಗಿದ ಕೂಡಲೇ ಕೊಡುತ್ತೇನೆ, ಹಣಕ್ಕೆ ಮೂರು ತಿಂಗಳ ಸಾಲ ಕೊಡುತ್ತೇನೆ ಎಂದು ಆತ ಮಾತು ಕೊಟ್ಟಿದ್ದರೆ, ಹಣ ಬಂದಿಲ್ಲವೆಂದು ಕೋಟನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ.

ಈ ಪುಟ್ಟ ಉದಾಹರಣೆಯಲ್ಲಿ ಎರಡು ಸಂಗತಿಗಳಿವೆ. ಕೆಲಸ ಸರಿಯಾಗಿ ಮಾಡಿದ ದರ್ಜಿಯ ಕೂಲಿಗೆ ಕಾನೂನಿನ ರಕ್ಷಣೆ ಇದೆ. ಆತ ಕೊಟ್ಟ ಮಾತಿಗೆ ಕಾನೂನಿನ ಬಂಧನವೂ ಇದೆ. ಅದೇ ಕಾಯ್ದೆಯ 151ನೆಯ ಕಲಮಿನ ಪ್ರಕಾರ, ಯಾರಾದರೂ ಒಂದು ಉದ್ದೇಶಕ್ಕಾಗಿ ತಮ್ಮ ವಸ್ತುವನ್ನು ನಮ್ಮ ವಶಕ್ಕೆ ಒಪ್ಪಿಸಿದರೆ, ವಿವೇಕವುಳ್ಳ ಸಾಮಾನ್ಯ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳಬೇಕು. ನೀವು ಬಟ್ಟೆ ಕೊಟ್ಟು ಬಂದಾಗ ಆ ಬಟ್ಟೆ ನಿಮ್ಮದಾಗಿಯೇ ಇರುತ್ತದೆ. ಇಸ್ತ್ರಿ ಪೆಟ್ಟಿಗೆ ತಗುಲಿ ಸುಟ್ಟರೆ, ಎಣ್ಣೆಯ ಕಲೆಯಾದರೆ, ಎಚ್ಚರ ತಪ್ಪಿದ್ದಕ್ಕೆ ಅಂಗಡಿ ಉತ್ತರ ಹೇಳಬೇಕು.

ಬಟ್ಟೆ ಯಾರದು?

ಹೊಲಿಗೆಯ ತಕರಾರಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಬಟ್ಟೆಯೂ ಅಂಗಡಿಯವರದೇ, ಹೊಲಿಗೆಯೂ ಅವರದೇ ಆಗಿದ್ದರೆ ನೀವು ಕೊಂಡದ್ದು ಒಂದು ಸಿದ್ಧವಸ್ತು. ಸೂಟು, ಶೇರ್ವಾನಿ, ಶಾಲಾ ಸಮವಸ್ತ್ರಗಳನ್ನು ಎಷ್ಟೋ ಕಡೆ ಹೀಗೆ ಮಾಡಿಸುತ್ತಾರೆ. ಆಗ 1930ರ ಸರಕು ಮಾರಾಟ ಕಾಯ್ದೆ ಅನ್ವಯಿಸುತ್ತದೆ. ಯಾವ ಉಪಯೋಗಕ್ಕೆ ವಸ್ತು ಬೇಕೆಂದು ಕೊಳ್ಳುವವರು ತಿಳಿಸಿ, ಮಾರುವವರ ಪರಿಣತಿಯನ್ನು ನಂಬಿ ಕೊಂಡರೆ, ಆ ಉಪಯೋಗಕ್ಕೆ ವಸ್ತು ತಕ್ಕದಾಗಿರಬೇಕು ಎಂದು ಅದರ 16ನೆಯ ಕಲಮು ಹೇಳುತ್ತದೆ. ಟೇಪು ಹಿಡಿದು ಮೈ ಅಳತೆ ತೆಗೆದುಕೊಂಡವರು ಆ ಮೈಗೆ ಕೂಡದ ಕೋಟು ಕೊಟ್ಟರೆ ಅದು ತಕ್ಕದಾದ ವಸ್ತುವಲ್ಲ. ಆಗ ಕೇಳಬೇಕಾದದ್ದು ಪೂರ್ಣ ಬೆಲೆಯನ್ನು.

ಬಟ್ಟೆ ನಿಮ್ಮದು, ಹೊಲಿಗೆ ಮಾತ್ರ ಅವರದು ಎಂದಾದರೆ ನೀವು ಪಡೆದದ್ದು ಸೇವೆ. ಸೇವೆಯಲ್ಲಿ ಕುಂದಾದರೆ ಗ್ರಾಹಕರ ಕಾನೂನು ಅದನ್ನು 'ಸೇವಾ ನ್ಯೂನತೆ' ಎನ್ನುತ್ತದೆ. ಇಲ್ಲಿ ಹೊಲಿಗೆ ಕೂಲಿಯನ್ನು ಹಿಂದಕ್ಕೆ ಕೇಳಬಹುದು. ಅಜಾಗರೂಕತೆಯಿಂದ ಬಟ್ಟೆ ಹಾಳಾಗಿದ್ದರೆ ಅದರ ನಷ್ಟವನ್ನೂ ಕೇಳಬಹುದು. 'ಕೂಲಿ ಬಿಟ್ಟುಕೊಡುತ್ತೇವೆ, ಬಟ್ಟೆಗೆ ನಮಗೆ ಸಂಬಂಧವಿಲ್ಲ' ಎಂಬ ಮಾತು ನಿಲ್ಲುವುದಿಲ್ಲ.

ಹೊಲಿಗೆ ವೈಯಕ್ತಿಕ ಕೆಲಸ, ಅದಕ್ಕೆ ಗ್ರಾಹಕರ ಕಾನೂನು ಹೇಗೆ ಅನ್ವಯಿಸುತ್ತದೆ ಎಂದು ಕೆಲವರು ಕೇಳುತ್ತಾರೆ. 1995ರಲ್ಲಿ ವೈದ್ಯರ ಕುರಿತ ಪ್ರಸಿದ್ಧ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರವಾಗುವ ಒಂದು ವ್ಯತ್ಯಾಸವನ್ನು ವಿವರಿಸಿತು. ಯಜಮಾನ ಮತ್ತು ಆಳಿನ ನಡುವಿನ ಚಾಕರಿಯ ಸಂಬಂಧ ಮಾತ್ರ ಗ್ರಾಹಕರ ಕಾನೂನಿನ ಹೊರಗೆ. ತನ್ನ ವಿದ್ಯೆ, ಕೌಶಲವನ್ನು ಬಳಸಿ ಹಣಕ್ಕಾಗಿ ಹೊರಗಿನವರ ಕೆಲಸ ಮಾಡಿಕೊಡುವುದು ಕಾನೂನಿನ ಒಳಗೇ ಬರುತ್ತದೆ. ದರ್ಜಿ ಗಿರಾಕಿಯ ಆಳಲ್ಲ, ಕುಶಲಕರ್ಮಿ. ಆತನಿಗೆ ಸಲ್ಲುವ ಗೌರವವೂ ಹೊಣೆಯೂ ಅದರಿಂದಲೇ ಬಂದವು. ಆದರೆ ಪಕ್ಕದ ಮನೆಯವರು ಪ್ರೀತಿಗೆ, ಹಣ ಪಡೆಯದೆ ಹೊಲಿದು ಕೊಟ್ಟದ್ದಕ್ಕೆ ಈ ಕಾನೂನು ಇಲ್ಲ. ಉಚಿತ ಸೇವೆ ಇದರ ವ್ಯಾಪ್ತಿಗೆ ಬರುವುದಿಲ್ಲ.

ಮೂವತ್ತು ದಿನದ ಮಾತು

ನಮ್ಮ ದೇಶದ ಮೊದಲ ಗ್ರಾಹಕರ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1986ರ ಡಿಸೆಂಬರ್ 24ರಂದು. ಆ ದಿನವನ್ನೇ ರಾಷ್ಟ್ರೀಯ ಗ್ರಾಹಕರ ದಿನವೆಂದು ಆಚರಿಸುತ್ತೇವೆ. ಆ ಕಾಯ್ದೆಯ ಜಾಗಕ್ಕೆ 2019ರ ಹೊಸ ಕಾಯ್ದೆ ಬಂದು, 2020ರ ಜುಲೈಯಿಂದ ಜಾರಿಯಲ್ಲಿದೆ. ಹೊಸ ಕಾಯ್ದೆ 'ಅನುಚಿತ ವ್ಯಾಪಾರ ಪದ್ಧತಿ'ಗಳ ಪಟ್ಟಿಗೆ ಕೆಲವು ಹೊಸ ಅಂಶಗಳನ್ನು ಸೇರಿಸಿತು. ಅವುಗಳಲ್ಲಿ ಎರಡು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ.

ಮೊದಲನೆಯದು, ವಸ್ತುವಿಗಾಗಲಿ ಸೇವೆಗಾಗಲಿ ಬಿಲ್ಲು ಅಥವಾ ರಸೀತಿ ಕೊಡದಿರುವುದು. ಎರಡನೆಯದು, ದೋಷವಿರುವ ವಸ್ತುವನ್ನು ವಾಪಸು ಪಡೆಯಲು ಮತ್ತು ಹಣ ಹಿಂದಿರುಗಿಸಲು ನಿರಾಕರಿಸುವುದು. ಸೇವೆಯ ನ್ಯೂನತೆಗೂ ಇದು ಅನ್ವಯ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲವಾದರೆ 30 ದಿನಗಳೊಳಗೆ ಹಣ ಕೊಡಬೇಕು. ಅಳತೆ ಕೊಟ್ಟು ಮಾಡಿಸಿದ ವಸ್ತುವಿಗೆ ಇದು ಅನ್ವಯಿಸುವುದಿಲ್ಲ ಎಂದು ಆ ವಾಕ್ಯದಲ್ಲಿ ಎಲ್ಲಿಯೂ ಹೇಳಿಲ್ಲ.

ಹಾಗಾದರೆ ಆ ನಂಬಿಕೆ ಹೇಗೆ ಬೆಳೆಯಿತು? ಸಿದ್ಧ ಉಡುಪಿನ ಅಂಗಡಿಗಳು ಬಣ್ಣ ಇಷ್ಟವಾಗದಿದ್ದರೂ ಬದಲಿಸಿ ಕೊಡುವುದುಂಟು. ಅದು ಅವರ ಸೌಜನ್ಯ, ವ್ಯಾಪಾರದ ಜಾಣತನ. ಅಳತೆಯ ಬಟ್ಟೆಗೆ ಆ ಸೌಜನ್ಯವನ್ನು ನಿರೀಕ್ಷಿಸಲಾಗದು ಎಂಬುದು ನ್ಯಾಯವೇ. ಬ್ರಿಟನ್ನಿನ ಕಾನೂನಿನಲ್ಲಿ ಈ ವ್ಯತ್ಯಾಸ ಬಹಳ ಸ್ಪಷ್ಟವಾಗಿದೆ. ಅಂಗಡಿಗೆ ಹೋಗದೆ ದೂರದಿಂದ ತರಿಸಿದ ವಸ್ತುವನ್ನು ಕಾರಣವಿಲ್ಲದೆಯೂ 14 ದಿನಗಳಲ್ಲಿ ಬೇಡವೆನ್ನುವ ಹಕ್ಕು ಅಲ್ಲಿದೆ. ಗ್ರಾಹಕರ ಸೂಚನೆಯಂತೆ ಮಾಡಿದ ವಸ್ತುವಿಗೆ 2013ರ ನಿಯಮಗಳು ಆ ಹಕ್ಕನ್ನು ಕೊಡುವುದಿಲ್ಲ. ಆದರೆ ಅದೇ ವಸ್ತುವಿನಲ್ಲಿ ದೋಷವಿದ್ದರೆ 2015ರ ಗ್ರಾಹಕರ ಹಕ್ಕುಗಳ ಕಾಯ್ದೆ ಅದನ್ನು ತಿರಸ್ಕರಿಸಲು ಅವಕಾಶ ಕೊಡುತ್ತದೆ. 'ಬೇಡವಾಯಿತು' ಎಂಬ ಕಾರಣಕ್ಕೆ ಇಲ್ಲದ ಹಕ್ಕನ್ನು 'ಕೆಟ್ಟಿದೆ' ಎಂಬ ಕಾರಣಕ್ಕೂ ಇಲ್ಲವೆಂದು ತಿಳಿದದ್ದರಿಂದಲೇ ನಮ್ಮ ಗೊಂದಲ ಹುಟ್ಟಿರುವುದು.

ಅಂತರ್ಜಾಲದಲ್ಲಿ ಅಳತೆ ಕಳಿಸಿ ಬಟ್ಟೆ ತರಿಸಿಕೊಳ್ಳುವವರೂ ಈಗ ಇದ್ದಾರೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ವಸ್ತು ದೋಷಪೂರಿತವಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಅಥವಾ ಒಪ್ಪಿಕೊಂಡಂತೆ ಇಲ್ಲದಿದ್ದರೆ ಮಾರಾಟಗಾರರು ವಾಪಸು ಪಡೆಯಲು ನಿರಾಕರಿಸುವಂತಿಲ್ಲ.

ದೋಷ ಯಾವುದು, ಯಾವುದಲ್ಲ?

ಜಗಳದ ತಿರುಳು ಇಲ್ಲಿದೆ. ಕೆಲವು ಸ್ಪಷ್ಟ. ಬರೆದುಕೊಂಡ ಅಳತೆ ಒಂದು, ಹೊಲಿದ ಅಳತೆ ಇನ್ನೊಂದು ಆದರೆ ಅದು ದೋಷ. ಅಂಚು ಒಂದು ತೋಳಿಗೆ ಬಂದು ಇನ್ನೊಂದಕ್ಕೆ ಬಾರದಿದ್ದರೆ, ಹೊಲಿಗೆ ಒಂದೇ ಒಗೆತಕ್ಕೆ ಬಿಚ್ಚಿಕೊಂಡರೆ, ಕಾಜಾ ಮತ್ತು ಗುಂಡಿ ಎದುರುಬದುರಾಗದಿದ್ದರೆ ಅದೂ ದೋಷ. ಅಳತೆ ತೆಗೆದುಕೊಂಡ ಮೇಲೆ ನಾವು ದಪ್ಪವಾದರೆ, ಕುತ್ತಿಗೆಯ ವಿನ್ಯಾಸ ನಾವೇ ಆರಿಸಿ ಆಮೇಲೆ ಹಿಡಿಸದೆ ಹೋದರೆ, ಬಟ್ಟೆ ಸಾಲದೆಂದು ಅವರು ಹೇಳಿದರೂ ಉದ್ದ ತೋಳೇ ಬೇಕೆಂದು ಹಟ ಹಿಡಿದರೆ ತಪ್ಪು ಅಂಗಡಿಯದಲ್ಲ.

ನಡುವೆ ಇರುವವು ಕಷ್ಟದವು. ಮೈ ಅಳತೆಯ ಬದಲು ಹಳೆಯ ರವಿಕೆಯೊಂದನ್ನು ಅಳತೆಗೆಂದು ಕೊಟ್ಟಿರುತ್ತೇವೆ. ಹೊಸ ರವಿಕೆ ಅದಕ್ಕೆ ಸರಿಸಮವಾಗಿದ್ದೂ ಮೈಗೆ ಬಿಗಿಯಾದರೆ ದರ್ಜಿಯನ್ನು ದೂರುವಂತಿಲ್ಲ. ಅಳತೆಯ ರವಿಕೆಗಿಂತಲೇ ಬಿಗಿಯಾಗಿದ್ದರೆ ದೂರಬಹುದು. ಹಾಗಾಗಿ ಅಳತೆಗೆ ಕೊಟ್ಟ ರವಿಕೆಯನ್ನು ತಕರಾರು ಮುಗಿಯುವವರೆಗೆ ಬದಲಾಯಿಸದೆ ಇಟ್ಟುಕೊಳ್ಳಿ. ಒಗೆದ ಮೇಲೆ ಬಟ್ಟೆ ಕುಗ್ಗಿದರೆ? ಮೇಲಿನ ಬಟ್ಟೆ ನೀವೇ ತಂದದ್ದಾದರೆ ಪ್ರಶ್ನೆ ಬಟ್ಟೆ ಅಂಗಡಿಯತ್ತ ಹೋಗುತ್ತದೆ. ಒಳಗಿನ ಲೈನಿಂಗ್ ದರ್ಜಿಯೇ ಹಾಕಿದ್ದು, ಅದನ್ನು ನೆನೆಸದೆ ಹೊಲಿದದ್ದರಿಂದ ರವಿಕೆ ಸುಕ್ಕುಗಟ್ಟಿದರೆ ಹೊಣೆ ಅವರದು.

ಹೊತ್ತಿಗೆ ಕೊಡದಿರುವುದೂ ನ್ಯೂನತೆಯೇ. ಮದುವೆ ಮುಗಿದ ಮರುದಿನ ಬಂದ ರವಿಕೆಯಿಂದ ಏನು ಪ್ರಯೋಜನ? ಅಹಮದಾಬಾದಿನ ಗ್ರಾಹಕರ ಆಯೋಗದ ಮುಂದೆ ಇಂಥದೇ ಪ್ರಕರಣ ಬಂದಿತ್ತು. ಬಂಧುಗಳ ಮದುವೆಗೆ ರವಿಕೆ ಹೊಲಿಸಲು ಮಹಿಳೆಯೊಬ್ಬರು 4,395 ರೂಪಾಯಿ ಮುಂಗಡ ಕೊಟ್ಟಿದ್ದರು. ರವಿಕೆ ಹೊತ್ತಿಗೆ ಸಿಗಲಿಲ್ಲ. ಮುಂಗಡವನ್ನು ಬಡ್ಡಿಸಹಿತ ಹಿಂದಿರುಗಿಸಿ, ಮೇಲೆ ಪರಿಹಾರವನ್ನೂ ಕೊಡುವಂತೆ ಆಯೋಗ 2025ರಲ್ಲಿ ಆದೇಶಿಸಿತು.

ಚೀಟಿಯ ಬೆಲೆ

ಅಂಗಡಿಯಲ್ಲಿ ಕೊಡುವ ಚೀಟಿಯನ್ನು ನಾವು ಪರ್ಸಿನ ಮೂಲೆಗೆ ತುರುಕುತ್ತೇವೆ. ಎಷ್ಟೋ ಚೀಟಿಗಳಲ್ಲಿ ಇರುವುದು ಒಂದು ಅಂಕಿ, ಒಂದು ತಾರೀಖು, ಪಿನ್ನು ಚುಚ್ಚಿದ ಬಟ್ಟೆಯ ಚೂರು. ಮುಂದೆ ತಕರಾರು ಎದ್ದರೆ ಆ ಚೀಟಿಯೇ ಸಾಕ್ಷಿ. ಅಳತೆ ಅಂಗಡಿಯವರ ಪುಸ್ತಕದಲ್ಲಿ ಮಾತ್ರ ಇದ್ದು ನಿಮ್ಮ ಕೈಯಲ್ಲಿ ಏನೂ ಇಲ್ಲದಿದ್ದರೆ, ಕಾನೂನು ಎಷ್ಟೇ ನಿಮ್ಮ ಕಡೆ ಇದ್ದರೂ ಅದನ್ನು ತೋರಿಸುವುದು ಹೇಗೆ?

ಆದ್ದರಿಂದ ಬಟ್ಟೆ ಕೊಡುವಾಗ ಐದು ನಿಮಿಷ ನಿಂತು ಇಷ್ಟನ್ನು ಬರೆಸಿಕೊಳ್ಳಿ: ಅಂಗಡಿಯ ಹೆಸರು, ತಾರೀಖು, ಬಟ್ಟೆ ಎಂಥದು ಎಷ್ಟು ಮೀಟರು, ಮುಖ್ಯ ಅಳತೆಗಳು, ಒಪ್ಪಿದ ಕೂಲಿ, ಕೊಟ್ಟ ಮುಂಗಡ, ಕೊಡುವ ದಿನ. ಮದುವೆ, ಗೃಹಪ್ರವೇಶಗಳಿಗೆ ಬೇಕಾದದ್ದಾದರೆ ಅದನ್ನೂ ಬರೆಸಿ. ಅಳತೆ ಪುಸ್ತಕದ ಪುಟದ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಬಟ್ಟೆ ಕೊಂಡ ಬಿಲ್ಲನ್ನು ಎಸೆಯಬೇಡಿ. ನಷ್ಟ ಎಷ್ಟೆಂದು ಹೇಳುವುದು ಅದೇ.

ಚೀಟಿಯ ಕೆಳಗೆ 'ಯಾವ ಕಾರಣಕ್ಕೂ ಹಣ ವಾಪಸಿಲ್ಲ' ಎಂದು ಅಚ್ಚಾಗಿರುವುದುಂಟು. ಹೊಲಿದ ಬಟ್ಟೆಯನ್ನು ಒಯ್ಯದೆ ತಿಂಗಳುಗಟ್ಟಲೆ ಬಿಡುವವರಿಗಾಗಿ ಅಂಗಡಿ ಒಂದು ನಿಯಮ ಮಾಡಿಕೊಂಡರೆ ಅದರಲ್ಲಿ ಅರ್ಥವಿದೆ. ಆದರೆ ಕೆಟ್ಟ ಕೆಲಸದ ಹೊಣೆಯಿಂದ ಅಚ್ಚಿನ ಸಾಲೊಂದು ಯಾರನ್ನೂ ಪಾರು ಮಾಡಲಾರದು.

ದೂರಿನ ದಾರಿ

ಬಟ್ಟೆಯನ್ನು ಸಾಧ್ಯವಾದರೆ ಅಂಗಡಿಯಲ್ಲೇ ತೊಟ್ಟು ನೋಡಿ. ದೋಷ ಕಂಡರೆ ಅಲ್ಲೇ ಹೇಳಿ, ಸರಿಪಡಿಸಲು ಒಂದು ಅವಕಾಶ ಕೊಡಿ. ಒಳಗೆ ಬಟ್ಟೆ ಬಿಟ್ಟು ಹೊಲಿದಿದ್ದರೆ ಬಹಳಷ್ಟು ತಕರಾರುಗಳು ಅರ್ಧ ಗಂಟೆಯಲ್ಲಿ ಮುಗಿಯುತ್ತವೆ. ಸರಿಯಾಗದಿದ್ದರೆ ಬೇರೆ ಕಡೆ ಬಿಚ್ಚಿಸಿ ಹೊಲಿಸುವ ಮೊದಲು ಫೋಟೋ ತೆಗೆಯಿರಿ. ಬಿಚ್ಚಿದ ಮೇಲೆ ಸಾಕ್ಷಿ ಹೋಯಿತು. ಅನಂತರ ಏನು ದೋಷ, ಏನು ಕೇಳುತ್ತೀರಿ, ಎಷ್ಟು ದಿನದೊಳಗೆ ಎಂದು ಬರೆದು ಕೊಡಿ.

ಅದಕ್ಕೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. 2019ರ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನ ಅಂಗಡಿಯಲ್ಲಿ ಹೊಲಿಸಿದ ಧಾರವಾಡದವರು ಬೆಂಗಳೂರಿಗೆ ಓಡಾಡಬೇಕಿಲ್ಲ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಆಯೋಗವು ದೋಷ ಸರಿಪಡಿಸಲು, ಹಣ ಹಿಂದಿರುಗಿಸಲು, ಪರಿಹಾರ ಕೊಡಲು ಆದೇಶಿಸಬಹುದು. ಇಬ್ಬರೂ ಒಪ್ಪಿದರೆ ಮಧ್ಯಸ್ಥಿಕೆಗೂ ಅವಕಾಶವಿದೆ.

ಪ್ರಯೋಗಾಲಯದ ಪರೀಕ್ಷೆ ಬೇಡದ ದೂರುಗಳನ್ನು ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾನೂನು ಹೇಳುತ್ತದೆ. ಎಲ್ಲವೂ ಆ ಗಡುವಿಗೆ ಮುಗಿಯುತ್ತವೆಂದು ನಾನು ಹೇಳಲಾರೆ. ಮುನ್ನೂರು ರೂಪಾಯಿಯ ಕೂಲಿಗಾಗಿ ಹತ್ತು ಸಲ ಓಡಾಡಲು ದಿನಗೂಲಿಯ ಹೆಣ್ಣುಮಗಳಿಗೆ ಸಾಧ್ಯವಿಲ್ಲ ಎಂಬುದೂ ನಿಜ. ಅದಕ್ಕೇ ಚೀಟಿಯ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದೇನೆ. ಬರಹ ಸ್ಪಷ್ಟವಾಗಿದ್ದರೆ ಜಗಳ ಆಯೋಗದವರೆಗೆ ಹೋಗುವ ಸಂಭವವೇ ಕಡಿಮೆ.

ಹೊಲಿಯುವವರಿಗೆ ಎರಡು ಮಾತು

ಹೊಲಿಗೆ ಕಲಿಯುತ್ತಿರುವ ಸೋದರಿಯರಿಗೆ ಇದೆಲ್ಲ ನಿಮ್ಮ ವಿರುದ್ಧದ ಮಾತೆಂದು ಅನ್ನಿಸಬಾರದು. ಅದೇ ಚೀಟಿ ನಿಮ್ಮ ರಕ್ಷಣೆಯೂ ಹೌದು. 'ಬಟ್ಟೆ ಕಡಿಮೆ ಇದೆ, ತೋಳು ಗಿಡ್ಡ ಬರುತ್ತದೆ' ಎಂದು ಬರೆದು ಗಿರಾಕಿಯ ಸಹಿ ಪಡೆದರೆ ನಾಳೆ ಯಾರೂ ನಿಮ್ಮನ್ನು ದೂರಲಾರರು. ಕಾರ್ಬನ್ ಹಾಳೆಯಿರುವ ಒಂದು ರಸೀತಿ ಪುಸ್ತಕ ಇಟ್ಟುಕೊಳ್ಳಿ. ದುಬಾರಿ ಬಟ್ಟೆಗೆ ಕಚ್ಚಾ ಹೊಲಿಗೆ ಹಾಕಿ ಒಮ್ಮೆ ತೊಡಿಸಿ ನೋಡಿ. ದೀಪಾವಳಿಯ ಹಿಂದಿನ ವಾರ ಕೈಗೆ ಮೀರಿದಷ್ಟು ಕೆಲಸ ಒಪ್ಪಿಕೊಳ್ಳಬೇಡಿ. ಆಗದು ಎಂದು ಮೊದಲೇ ಹೇಳಿದರೆ ಗಿರಾಕಿ ಒಂದು ದಿನ ಬೇಸರಪಡಬಹುದು, ಹೊತ್ತಿಗೆ ಕೊಡದಿದ್ದರೆ ಮತ್ತೆ ನಿಮ್ಮ ಅಂಗಡಿಗೆ ಬರುವುದಿಲ್ಲ.

ಇನ್ನೊಂದು ಸಂಗತಿ. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಸಾಮಾನ್ಯವಾಗಿ ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತುವಿಗೆ ಕಾನೂನು ವಿನಾಯಿತಿ ಕೊಟ್ಟಿದೆ. ನಾಳೆ ನೀವು ಸಾಲ ಮಾಡಿ ಕೊಳ್ಳುವ ಹೊಲಿಗೆ ಯಂತ್ರ ಕೆಟ್ಟದ್ದಾಗಿ ಬಂದರೆ, ಇಂದು ನಿಮ್ಮ ಗಿರಾಕಿಗಳಿಗೆ ಇರುವ ಇದೇ ಹಕ್ಕು ನಿಮಗೂ ಇದೆ. ಆಗ ಅಂಗಡಿಯವರು 'ವಾಪಸಿಲ್ಲ' ಎಂದರೆ ನೀವೂ ಬಿಲ್ಲು ತೆಗೆದು ತೋರಿಸಬೇಕಾಗುತ್ತದೆ.

ಆದ್ದರಿಂದ ಬಟ್ಟೆ ಕೊಡುವವರು ಚೀಟಿ ಕೇಳುವುದಕ್ಕೆ ಸಂಕೋಚಪಡಬೇಡಿ. ಹೊಲಿಯುವವರು ಕೊಡುವುದಕ್ಕೆ ಬೇಸರಪಡಬೇಡಿ. ಸರಿಯಾಗಿ ಮಾಡಿದ ಕೆಲಸಕ್ಕೆ ಪೂರ್ತಿ ಕೂಲಿ ಸಲ್ಲಲಿ, ಕೆಟ್ಟ ಕೆಲಸಕ್ಕೆ ಹಣ ಹಿಂದಿರುಗಲಿ.